ಬೆಕ್ಕುಗಳಿಗೆ ಉಜ್ಜಿದ ಲೇಸೋ

ತಂಗಿ ಸ್ವಫಿಯಾ,

ನನಗೆ ಹೆದರಿಕೆಯಾಗುತ್ತಿದೆ. ಇದನ್ನು ಈ ಲಾಮು ದ್ವೀಪದಲ್ಲಿ ಬದುಕಿರುವ ಯಾರಿಗೂ ಹೇಳಲಾರೆ. ಗೋರಿಯಲ್ಲಿರುವ ನಿನಗೆ ಹೇಳಬಹುದು.

ನೀನು ಬಿಟ್ಟುಹೋದ ಎರಡು ಬೆಕ್ಕುಗಳಲ್ಲಿ ಟೆಂಡೆಯನ್ನು ಕಳೆದ ವಾರ ಪ್ರಾಣಿಗಳ ಆಸ್ಪತ್ರೆಯಿಂದ ತಂದೆ. ಔಷಧದ ನಾತ ಹೋಗಲೆಂದು, ಬಟ್ಟೆಗೆ ಹಾಕುವಂತೆ ಅದಕ್ಕೂ ಊದಿನ ಹೊಗೆ ಹಾಕಿದೆ. ಹುಟ್ಟಿದಂದಿನಿಂದ ಅದರ ಜೊತೆಗೇ ಮಲಗುತ್ತಿದ್ದ ಕರಾಫು ಕಿರುಚಿಕೊಂಡು ಮೇಲೆರಗಿತು. ನೆಲದ ಮೇಲೆ ರಕ್ತ ಬಿತ್ತು. ಮನೆಗೆ ಜಿನ್ನು ಹೊಕ್ಕಿತೆಂದು ಕೂಗಿಕೊಂಡೆ.

ಪಕ್ಕದ ಮನೆಯ ಮ್ವಾನಾಶಾ ಬಂದವಳೇ ನಕ್ಕಳು.

"ಜಿನ್ನೂ ಇಲ್ಲ ಗಿನ್ನೂ ಇಲ್ಲ, ಬೀಬಿ! ಮದುಮಗಳ ಥರ ಹೊಗೆ ಹಾಕಿ ತಂದ್ರೆ ಒಡಹುಟ್ಟಿದವರಿಗೂ ಗುರುತು ಸಿಗಲ್ಲ. ಎರಡಕ್ಕೂ ಗೊತ್ತಿರೋ ವಾಸನೆಯ ಬಟ್ಟೆ ಇದ್ರೆ ಎರಡರ ಮೈಗೂ ಉಜ್ಜಿ. ಇಲ್ಲಾಂದ್ರೆ ಒಂದು ಸಾಯುತ್ತೆ ನೋಡಿ."

ಅಂಥದ್ದು ಒಂದೇ ಇತ್ತು. ನೀನು ಕೊನೆಯ ದಿನ ಹೊದ್ದಿದ್ದ ಲೇಸೋ ಬಟ್ಟೆ, ಒಗೆಯದೆ ಪೆಟ್ಟಿಗೆಯಲ್ಲಿಟ್ಟಿದ್ದೆ. ಆಗಾಗ ಮುಚ್ಚಳ ತೆರೆದು ಅದರಲ್ಲಿ ಉಳಿದ ನಿನ್ನ ವಾಸನೆ ಮೂಸುತ್ತಿದ್ದೆ.

"ನಮ್ಮ ಮನೆಯಲ್ಲಿ ಅಂಥ ಬಟ್ಟೆ ಇಲ್ಲ" ಎಂದೆ. ಅಷ್ಟರಲ್ಲಿ ಕರಾಫು ಮತ್ತೆ ಎರಗಿ ಟೆಂಡೆಯ ಕಿವಿಯನ್ನು ಹರಿದುಹಾಕಿತು. ನಾನು ಪೆಟ್ಟಿಗೆ ತೆರೆದೆ.

ಎರಡನ್ನೂ ಬೇರೆ ಬೇರೆ ಕೋಣೆಯಲ್ಲಿಟ್ಟು ದಿನವೂ ಅದೇ ಲೇಸೋದಿಂದ ಉಜ್ಜಿದೆ.

ಇಂದು ಅವು ಒಂದನ್ನೊಂದು ನೆಕ್ಕಿ, ಅಂಟಿಕೊಂಡು ಮಲಗಿವೆ. ಲೇಸೋ ನನ್ನ ಮಡಿಲಲ್ಲಿದೆ. ಮೂಸಿ ನೋಡಲು ಧೈರ್ಯ ಬರುತ್ತಿಲ್ಲ.