ಗಾಳದ ಗೋಡೆ

ಪಿಲಾರ್
ಆಗಸ್ಟ್ ೧೪, ೨೦೧೯

ಮುದ್ದು ನಿಮಿಯಾ,

ನಿನ್ನ ಚಿಕ್ಕಪ್ಪನ ಆಶೀರ್ವಾದ. "ಅಪ್ಪ ಆಸ್ಪತ್ರೆಯಿಂದ ನರ್ಸ್ ಕೈಲಿ ಬರೆಸಿದ ಮೇಲ್ ನಿಂಗೆ ಬಂತಾ, ಇಲ್ವಾ?" ಎಂದು ನೀನು ಕೇಳಿ ಹತ್ತೊಂಬತ್ತು ದಿನವಾಯಿತು. ಒಂದು ಸಾಲಿನ ಪ್ರಶ್ನೆಗೆ ಒಂದು ಪದದ ಉತ್ತರ ಸಾಕಿತ್ತು. ಮೂವತ್ತೆಂಟು ವರ್ಷ ಊರಿನ ಅಂಚೆಯನ್ನೆಲ್ಲ ಹೊತ್ತವನಿಗೆ ಆ ಒಂದು ಪದ ಹೊರಲಾಗಲಿಲ್ಲ, ಕ್ಷಮಿಸು. ಕಾಗದದಲ್ಲಿ ಬರೆದು ಅಸುನ್ಸಿಯೋನ್ ಬಸ್ಸಿನ ಡ್ರೈವರ್ ಕೈಲಿ ಕಳಿಸುತ್ತಿದ್ದೇನೆ. ಇದರಲ್ಲಿ ಒತ್ತುವ ಕೊಂಡಿ ಯಾವುದೂ ಇಲ್ಲ. ಇರುವ ಕೊಂಡಿ ಚೇಳಿನದು, ಅದು ಕೊನೆಯಲ್ಲಿದೆ.

ಬಂತು, ಮಗಳೇ. ಹೇಗೆ ಬಂತು ಅನ್ನುವುದನ್ನು ಹೇಳುತ್ತೇನೆ.

ಮಂಗಳವಾರ ಬೆಳಿಗ್ಗೆ ನಾನು ಗ್ರಂಥಾಲಯದಲ್ಲಿ ಮೇಲ್ ಪಾಠ ಮಾಡುವುದು ನಿನಗೆ ಗೊತ್ತಲ್ಲ. ಹನ್ನೊಂದು ಮಂದಿ, ಎಲ್ಲರ ವಯಸ್ಸು ಕೂಡಿಸಿದರೆ ಈ ದೇಶದ ವಯಸ್ಸಿನ ಮೂರು ಪಟ್ಟು. ತಣ್ಣನೆಯ ತೆರೆರೆ ಕಷಾಯ ಕುಡಿಯುವ ಕೊಂಬಿನ ಲೋಟ ಒಂದೇ, ಹೀರುವ ಕೊಳವೆಯೂ ಒಂದೇ. ಪಾಠ ಮುಗಿಯುವವರೆಗೆ ಅದು ಸುತ್ತುತ್ತಲೇ ಇರುತ್ತದೆ. ಪಾಸ್‌ವರ್ಡ್ ಮಾತ್ರ ಹೀಗೆ ಬಾಯಿಂದ ಬಾಯಿಗೆ ಹೋಗಕೂಡದು ಅನ್ನುವುದು ಅವರಿಗೆ ನನ್ನ ಮೊದಲ ಪಾಠ. ಅದನ್ನು ಕಲಿಸುವುದಕ್ಕೇ ಮೂರು ತಿಂಗಳು ಹಿಡಿಯಿತು. ಹಂಚಿಕೊಳ್ಳದವನು ಈ ಊರಲ್ಲಿ ಮನುಷ್ಯನೇ ಅಲ್ಲ.

ಬಹುಮಾನ ಬಂದಿದೆ, ಖಾತೆ ಮುಚ್ಚುತ್ತೇವೆ ಎಂದೆಲ್ಲ ಬರುವ ಮೋಸದ ಮೇಲ್‌ಗಳಿಗೆ ನಾವಿಟ್ಟ ಹೆಸರು ಗಾಳ. ಯಾರಿಗಾದರೂ ಒಂದು ಬಂದರೆ ಅಚ್ಚು ಹಾಕಿ ಗೋಡೆಗೆ ಅಂಟಿಸುತ್ತೇವೆ. ಎಲ್ಲರೂ ಸೇರಿ ಅದರ ಕುರುಹು ಹುಡುಕಿ ನಗುತ್ತೇವೆ. ನದಿಯ ಊರು, ಗಾಳ ನುಂಗಿದ ಮೀನಿಗೆ ಇಲ್ಲಿ ಯಾರೂ ಅಳುವುದಿಲ್ಲ.

ಜುಲೈ ಹದಿನಾರರ ಪಾಠ ಎರಡು ಖಾತೆಗಳನ್ನು ಜೋಡಿಸುವುದು. ನನ್ನ ಹಳೆಯ ಖಾತೆಯನ್ನು ನಾನು ತೆರೆದೇ ಏಳು ವರ್ಷವಾಗಿತ್ತು. ಅದಕ್ಕೆ ಬಂದದ್ದು ಹೊಸ ಖಾತೆಗೆ ಬೀಳುವ ಹಾಗೆ ಎಲ್ಲರೆದುರು ಪರದೆಯ ಮೇಲೆ ಜೋಡಿಸಿ ತೋರಿಸಿದೆ. ಹಳೆಯ ಪತ್ರಗಳು ತೂಬು ತೆಗೆದ ಹಾಗೆ ನುಗ್ಗಿದವು. ಎಲ್ಲಕ್ಕೂ ಮೇಲೆ ಒಂದು ಹೊಸದು, ಅದೇ ಬೆಳಿಗ್ಗೆ ಬಂದದ್ದು.

"ಶ್ರೀ ಹೆರ್ಮೆನೆಹಿಲ್ಡೊ ಅಯಾಲಾ ಅವರಿಗೆ. ತುರ್ತು. ನಿಮ್ಮ ಅಣ್ಣ ಎಲಾದಿಯೊ ನಿಮ್ಮ ಮುಖ ನೋಡಬೇಕೆಂದಿದ್ದಾರೆ. ಇಂದು ಸಂಜೆ ಐದರೊಳಗೆ ಈ ಕೊಂಡಿಯನ್ನು ಒತ್ತಿ."

ತರಗತಿ ಹಬ್ಬ ಮಾಡಿತು. "ಮೇಷ್ಟ್ರೇ, ಅಡ್ರೆಸ್ ತುಂಬಾ ಬರೀ ನಂಬರು," ಅಂದರು ಒಬ್ಬರು. "ಅರ್ಜೆಂಟು ಅಂತಿದ್ದಾನೆ. ಕೊಂಡೀನೂ ಇದೆ," ಅಂದರು ಇನ್ನೊಬ್ಬರು. ನಾನು ದೊಡ್ಡ ಕುರುಹು ತೋರಿಸಿದೆ: ಇಡೀ ಊರಿಗೆ ನಾನು ಬಾಗ್ರೆ, ಮೀಸೆಯ ಮೀನು. ದೀಕ್ಷಾಸ್ನಾನದ ಹೆಸರು ಹಿಡಿದು ಕರೆಯುವವರು ತೆರಿಗೆಯವರು ಮತ್ತು ಕಳ್ಳರು, ಇಬ್ಬರೇ. ಎಲ್ಲರೂ ನಕ್ಕರು. ನರ್ಸ್ ಪಾಪ ನಿನ್ನಪ್ಪನ ಕಡೆಯಿಂದ ಹೆಸರು ಕೇಳಿ ಮರ್ಯಾದೆಯಿಂದ ಪೂರ್ತಿ ಬರೆದಿದ್ದಳು.

ಚಿಪಾ ರೊಟ್ಟಿ ಮಾರುವ ದೋನ್ಯಾ ಸಿನ್‌ಫೊರಿಯಾನಾ ಮಾತ್ರ ನಗಲಿಲ್ಲ. "ಬಾಗ್ರೆ, ಕಳ್ಳನಿಗೆ ನಿನ್ನ ಅಣ್ಣನ ಹೆಸರು ಹೇಗಪ್ಪಾ ಗೊತ್ತು?"

"ಅಮ್ಮಾ, ಹುಳ ಇಲ್ದೆ ಯಾರಾದ್ರೂ ಗಾಳ ಹಾಕ್ತಾರಾ?"

"ಅನುಮಾನ ಬಂದ್ರೆ ಗೊತ್ತಿರೋ ನಂಬರಿಗೆ ಫೋನ್ ಮಾಡಿ ಕೇಳಿ ಅಂತ ನೀನೇ ಹೇಳ್ಕೊಟ್ಟಿದ್ದು. ಮಾಡು ಮತ್ತೆ."

"ಅನುಮಾನ ಬಂದ್ರೆ ತಾನೇ?"

"ಕೆಳಗೆ ಸಣ್ಣಕ್ಷರದಲ್ಲಿ ಇನ್ನೂ ಏನೋ ಬರ್ದಿದೆ, ನಂಗೆ ಕಾಣ್ತಿಲ್ಲ. ಓದು."

"ಕಳ್ಳರ ಸಹಿ. ಅದನ್ನ ಯಾರು ಓದ್ತಾರೆ," ಅಂದು ಪರದೆ ಆರಿಸಿದೆ. ಆಮೇಲೆ ಅಚ್ಚು ಹಾಕಿ ಗೋಡೆಗೆ ಅಂಟಿಸಿದೆ.

ನಮ್ಮಿಬ್ಬರಿಗೆ ಮಾತಿಲ್ಲದೆ ಏಳು ವರ್ಷವಾಗಿತ್ತು. ಅಮ್ಮ ತೀರಿದಾಗ ಮನೆಯಲ್ಲಿ ನಡೆದ ಒಂಬತ್ತು ದಿನದ ಪ್ರಾರ್ಥನೆಗೆ ಹಿರಿಮಗ ಒಂದು ದಿನವೂ ಬರಲಿಲ್ಲ ಎಂದು ನಾನು ಊರಿಗೆಲ್ಲ ಹೇಳಿಕೊಂಡು ಬಂದೆ. ನಿನಗೂ ಹೇಳಿದ್ದೆ. ನೀನೂ ಕೆಲವು ಕಾಲ ಅವನ ಮೇಲೆ ಮುನಿಸಿಕೊಂಡಿದ್ದೆ. ಅವನು ಒಮ್ಮೆಯೂ ಎದುರು ಮಾತಾಡಲಿಲ್ಲ.

ಆ ಸಂಜೆ ಆಪರೇಷನ್ ಅಂತ ನನಗೆ ಗೊತ್ತಿರಲಿಲ್ಲ. ನೀನು ಬ್ಯೂನಸ್ ಐರಿಸ್‌ನಿಂದ ಬಸ್ಸು ಹತ್ತಿರುವುದೂ, ಬೆಳಗಾಗುವ ಮುಂಚೆ ತಲುಪಲಾರೆ ಎಂಬುದೂ ಗೊತ್ತಿರಲಿಲ್ಲ. ನೀನು ಬರುವಷ್ಟರಲ್ಲಿ ಅವನು ಹೊರಟುಹೋಗಿದ್ದ. ನಿನ್ನ ಫೋನ್ ಬಂದ ಮೇಲೆ ಗ್ರಂಥಾಲಯಕ್ಕೆ ಹೋಗಿ ಆ ಹಾಳೆ ಕಿತ್ತೆ. ದೋನ್ಯಾ ಸಿನ್‌ಫೊರಿಯಾನಾ ಬಾಗಿಲಲ್ಲಿ ಬುಟ್ಟಿ ಇಟ್ಟುಕೊಂಡು ನಿಂತಿದ್ದರು. ಒಂದು ಬಿಸಿ ಚಿಪಾ ಕೈಗಿಟ್ಟು ಹೋದರು.

ಮಂಗಳವಾರದ ಪಾಠ ನಿಲ್ಲಿಸಿದ್ದೇನೆ. ಸೊಂಟದ ನೋವು ಎಂದು ಹೇಳಿಕೊಂಡಿದ್ದೇನೆ. ನೋವು ನಿಜ, ಜಾಗ ಬೇರೆ. ನಿನ್ನಪ್ಪನ ಖಾತೆಯ ಪಾಸ್‌ವರ್ಡ್ ಸಿಕ್ಕಿದರೆ ಅದನ್ನು ನಿನ್ನದಕ್ಕೆ ಜೋಡಿಸಿಕೋ, ಅವನ ಹೆಸರಿಗೆ ಬರುವ ಪತ್ರ ಬೀದಿಪಾಲಾಗಬಾರದು. ಗುರುತಿಲ್ಲದವರು ಸಂತಾಪ ಹೇಳಿ ಕೊಂಡಿ ಕಳಿಸಿದರೆ ಒತ್ತಬೇಡ. ಅನುಮಾನ ಬಂದರೆ ಫೋನ್ ಮಾಡು. ಫೋನ್ ಮಾಡು, ಮಗಳೇ.

ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ಕಾಕುಪೆಯ ಮಾತೆ ನಿನ್ನ ಜೊತೆಗಿರಲಿ.

ನಿನ್ನ ಚಿಕ್ಕಪ್ಪ,
ಬಾಗ್ರೆ

ಮರೆತ ಮಾತು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಗೋಡೆಯಿಂದ ಕಿತ್ತ ಹಾಳೆ ಇದರ ಜೊತೆಗಿದೆ. ಅದರ ಕೆಳಗಿನ ಎರಡು ಬೆರಳಗಲ ಹಿಂದಕ್ಕೆ ಮಡಿಚಿದೆ. ಅಂಟಿಸುವ ಮುಂಚೆ ಮಡಿಚಿದವನು ನಾನೇ. ಬಿಚ್ಚಿ ನೋಡು. ಅಲ್ಲಿ ನರ್ಸ್ ಅವನು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದಿದ್ದಾಳೆ: "ಬಾಗ್ರೆ, ಅಮ್ಮನ ಒಂಬತ್ತನೇ ದಿನ ನಾನು ಬಂದಿದ್ದೆ. ಬೇಲಿ ಹತ್ರ ಪೇರಲೆ ಮರದ ಕೆಳಗೆ ನಿಂತಿದ್ದೆ. ನೀನು ನೋಡ್ದೆ. ಹೋಗ್ಲಿ ಬಿಡು, ಫೋನ್ ಮಾಡು." ಪರದೆ ಆರಿಸುವ ಮುಂಚೆಯೇ ಅದನ್ನು ಓದಿದ್ದೆ. ಮಧ್ಯಾಹ್ನವೆಲ್ಲ ಫೋನಿನ ಮುಂದೆ ಕೂತಿದ್ದೆ. ಅವನ ನಂಬರು ನನಗೆ ಬಾಯಿಪಾಠ. ಇಗರ್ಜಿಯ ಗಂಟೆ ಐದು ಹೊಡೆಯಿತು. ನೋಡಿದ್ದು ನಿಜ, ನಿಮಿಯಾ. ಆವತ್ತು ಪ್ರಾರ್ಥನೆಯ ನಡುವೆ ಎದ್ದು ಹೋಗಿ, ಪೇರಲೆ ಮರದ ಕಡೆಯ ಕಿಟಕಿ ಮುಚ್ಚಿ ಬಂದವನು ನಾನು.