ಮೂರು ಸಲ ತೊಳೆದ ಬೂದಿ

ಮಾರ್ಚ್ 3

ಭಟ್ಟಿ ತೆರೆದೆ. ಪರೀಕ್ಷೆಗೆ ಸುಟ್ಟ ಮಣ್ಣಿನ ಬಿಲ್ಲೆ, 38ರಿಂದ 43. ಆರೂ ಒಂದೇ ಜಾತಿ — ಒಣಕಲು, ಮಂಕು, ಹಳೇ ಗೋಡೆಗೆ ಸುಣ್ಣ ಬಳಿದ ಹಾಗೆ. ಹಸಿರಿಲ್ಲ. ಹರಿದಿಲ್ಲ.

ಈ ಗ್ಲೇಜ್, ಬಟ್ಟಲಿಗೆ ಬಳಿದ ಲೇಪ, ಉರಿಯಲ್ಲಿ ಕರಗಿ ಹರೀಬೇಕು. ಬಟ್ಟಲಿನ ಅಂಚಿನಿಂದ ಗೆರೆಗೆರೆಯಾಗಿ ಇಳಿದು ತಳದಲ್ಲಿ ಹಸಿರಾಗಿ ನಿಲ್ಲಬೇಕು. ಹದಿನಾಲ್ಕು ವರ್ಷ ತಪ್ಪದೆ ನಿಂತಿತು. ಈಗ ಮುಷ್ಕರ.

ಅಳತೆ ಅದೇ. ಬೂದಿ 40, ಫೆಲ್ಡ್‌ಸ್ಪಾರ್ ಕಲ್ಲಿನ ಪುಡಿ 40, ಬಿಳಿ ಮಣ್ಣು 20. ಬೂದಿ ಮೂರು ಸಲ ತೊಳೆದದ್ದು. ಪುಸ್ತಕದಲ್ಲಿದೆ, ನನ್ನದೇ ಕೈಬರಹ. ಒಂದು ಗ್ರಾಂ ಆಚೀಚೆ ಆಗಿಲ್ಲ. ಗ್ರಾಂ ತಪ್ಪುವವಳಲ್ಲ ನಾನು.

ಬಿಲ್ಲೆಗಳನ್ನು ಡಬ್ಬಕ್ಕೆ ಹಾಕಿದೆ. ಟಣ್ ಟಣ್ ಅಂದವು. ಟೀ ಮಾಡಿಟ್ಟಿದ್ದೆ. ಮಧ್ಯಾಹ್ನ ನೋಡಿದರೆ ಕೆನೆ ಕಟ್ಟಿ ಕೂತಿದೆ.

ಮಾರ್ಚ್ 5

ಗ್ಯಾಲರಿ ಮೇಡಂ ಫೋನು. ಮೇ ಹತ್ತಕ್ಕೆ ಪ್ರದರ್ಶನ. ಅರವತ್ತು ಬಟ್ಟಲು. ಬೇರೆ ಏನೂ ಬೇಡವಂತೆ, ಆ ಹಸಿರೊಂದೇ.

"ಆಹ್ವಾನದ ಕಾರ್ಡಿನಲ್ಲೂ ಬರೀ 'ಹಸಿರು' ಅಂತ ಹಾಕಿಸ್ತಿದ್ದೀನಿ. ಕೆಳಗೆ ನಿಮ್ಮ ಹೆಸರು. ಹೇಗಿದೆ?"

"ಚೆನ್ನಾಗಿದೆ."

"ಬಟ್ಟಲು ಎಷ್ಟಾಯ್ತು?"

"ಎಲ್ಲಾ ರೆಡಿ, ಮೇಡಂ. ಬಣ್ಣವೊಂದು ಬಾಕಿ." ನಕ್ಕರು. ನಾನು ನಿಜ ಹೇಳಿದಾಗಲೆಲ್ಲ ಜನ ನಗುತ್ತಾರೆ. ವ್ಯಾಪಾರಕ್ಕೆ ಒಳ್ಳೇದು.

ಫೋನ್ ಇಡುವ ಮೊದಲು ಕೇಳಿದರು — "ನಿಮ್ಮ ಆ ಹೆಂಗಸು ಬರ್ತಾರೆ ತಾನೆ, ಬಟ್ಟಲು ಒರೆಸಿ ಜೋಡಿಸೋಕೆ? ಬಹಳ ನೀಟು ಅವರು."

"ಬಿಟ್ಟುಬಿಟ್ಟರು" ಅಂದೆ.

"ಅಯ್ಯೋ. ಇನ್ನೊಬ್ಬರನ್ನ ಹುಡುಕ್ಕೊಳಿ."

ಆಯ್ತು ಅಂದೆ.

ಮಾರ್ಚ್ 6

ಆ ಹೆಂಗಸು ನನ್ನ ಅಕ್ಕ. ಒಡಹುಟ್ಟಿದವಳು. ಬರೆದಿಟ್ಟುಬಿಡೋಣ, ದಾಖಲೆಗೆ ಅಂತ ಒಂದು ಕಡೆ ಇರಲಿ.

ಜನವರಿ 18, ಹಿಂದಿನ ಪ್ರದರ್ಶನ. ಅಕ್ಕ ಕಿಟಕಿಯ ಹತ್ತಿರ ನಿಂತು ಬಟ್ಟಲು ಒರೆಸುತ್ತಿದ್ದಳು. ಕೊಳ್ಳೋಕೆ ಬಂದಿದ್ದ ಒಬ್ಬ, ಚಿನ್ನದ ಕನ್ನಡಕದವನು, "ಇವರು?" ಅಂತ ಕೇಳಿದ. ನಾನು, "ನಮ್ಮಲ್ಲಿ ಕೆಲಸಕ್ಕೆ ಇದ್ದಾರೆ" ಅಂದೆ.

ಯಾಕಂದೆ? ಅವಳ ಕೈ ಒಡೆದಿತ್ತು, ಉಗುರಲ್ಲಿ ಮಣ್ಣಿತ್ತು. ಅವನ ಶೂ ಹೊಳೀತಿತ್ತು. ಅಷ್ಟೇ. ಇದಕ್ಕಿಂತ ದೊಡ್ಡ ಕಾರಣ ಹುಡುಕಿದೆ, ಸಿಗಲಿಲ್ಲ.

ಅಕ್ಕ ತಿರುಗಿಯೂ ನೋಡಲಿಲ್ಲ. ಕೈಯಲ್ಲಿದ್ದ ಬಟ್ಟಲು ಒರೆಸಿ ಮುಗಿಸಿ ಕೆಳಗಿಟ್ಟಳು. ಮರುದಿನ ಬೆಳಗ್ಗೆ ಏಪ್ರನ್ ಮಡಿಸಿ ಸ್ಟೂಲಿನ ಮೇಲಿಟ್ಟು, "ಬೂದಿ ನೆನೆಹಾಕಿದೀನಿ, ನೋಡ್ಕೋ" ಅಂದವಳೇ ಮಗಳ ಮನೆಗೆ ಹೊರಟಳು. ಎರಡು ಬಸ್ಸು ಬದಲಾಯಿಸಬೇಕು ಅಲ್ಲಿಗೆ.

ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರೆ. ನಿಜ, ಜಗಳ ಆಗಲೇ ಇಲ್ಲ. ಇನ್ನೊಂದು ಗಾದೆಯೂ ಇದೆ — ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಕುಂಬಾರ್ತಿಯೂ ನಾನೇ, ದೊಣ್ಣೆಯೂ ನಾನೇ. ಬೇರೆಯವರನ್ನು ದೂರುವ ಖರ್ಚು ಉಳೀತು.

ಇಬ್ಬರೂ ಹೂಕುಂಡ ತಳ್ಳುಗಾಡಿಯಲ್ಲಿ ಮಾರಿಕೊಂಡು ಶುರು ಮಾಡಿದವರು. ಅವಳು ತಳ್ಳುತ್ತಿದ್ದಳು. ನಾನು ಕೂಗುತ್ತಿದ್ದೆ. ಆಮೇಲೂ ಏನೂ ಬದಲಾಗಲಿಲ್ಲ, ಗಾಡಿ ಹೋಗಿ ಸ್ಟುಡಿಯೋ ಬಂತು.

ಮಾರ್ಚ್ 10

ಬೂದಿ ತೊಳೆದೆ. ಜರಡಿ ಹಿಡಿದ ಬೂದಿಯನ್ನು ಬಕೆಟ್ಟಿನಲ್ಲಿ ನೆನೆಸಿ, ಕೈಯಾಡಿಸಿ, ತಳಕ್ಕಿಳಿದ ಮೇಲೆ ಮೇಲಿನ ನೀರು ಬಗ್ಗಿಸಿ ಚೆಲ್ಲಬೇಕು. ಹೀಗೆ ಮೂರು ಸಲ. ಆ ನೀರು ಸಾಬೂನಿನ ಹಾಗೆ ಜಾರುತ್ತೆ. ಹಳದಿ. ಜನವರಿ ಕೊನೆಯಲ್ಲಿ ಮೊದಲ ಸಲ ಬರಿಗೈಲಿ ತೊಳೆದಿದ್ದೆ. ಸಂಜೆಗೆ ಬೆರಳ ತುದಿ ಸುಲಿದಿತ್ತು. ಮರುದಿನವೇ ರಬ್ಬರ್ ಗ್ಲೌಸ್ ತಂದೆ.

ಹದಿನಾಲ್ಕು ವರ್ಷ ಈ ಕೆಲಸ ಅಕ್ಕನದು. ನಾನು ಒಳಗೆ ತೂಕ ಹಾಕುತ್ತಾ "ಮೂರಾಯ್ತಾ?" ಅಂತ ಕೂಗುತ್ತಿದ್ದೆ. "ಆಯ್ತು" ಅನ್ನುತ್ತಿದ್ದಳು. ಪುಸ್ತಕದಲ್ಲಿ ಟಿಕ್ ಹಾಕುತ್ತಿದ್ದೆ. ಟಿಕ್ ಎಲ್ಲಾ ಇವೆ, ಎಣಿಸಿದೆ.

ಮಾರ್ಚ್ 14

ಬೂದಿಯಲ್ಲೇ ಏನೋ ಬದಲಾಗಿರಬೇಕು ಅನ್ನಿಸಿ ಬೇಕರಿಗೆ ಹೋದೆ. ಅವನ ಕಟ್ಟಿಗೆ ಒಲೆಯ ಬೂದಿಯೇ ಮೊದಲಿನಿಂದ ನಮಗೆ.

"ಕಟ್ಟಿಗೆ ಬದಲಾಯಿಸಿದ್ಯೇನಯ್ಯಾ?"

"ಹತ್ತೊಂಬತ್ತು ವರ್ಷದಿಂದ ಹೆಂಡತಿ ಬದಲಾಯಿಸಿಲ್ಲ, ಒಲೆ ಬದಲಾಯಿಸಿಲ್ಲ, ಕಟ್ಟಿಗೆ ಬದಲಾಯಿಸ್ತೀನಾ?"

"ಮತ್ತೆ ಪ್ಲಾಸ್ಟಿಕ್ಕು ಕಾಗದ ಏನಾದ್ರೂ ಹಾಕಿ ಉರಿಸ್ತಿದ್ದೀಯಾ?"

"ಮೇಡಂ, ಅದರಲ್ಲಿ ಬ್ರೆಡ್ ಬೇಯುತ್ತೆ. ಒಲೆ ಅದೇ, ಬೂದಿ ಅದೇ. ಬದಲಾಗಿರೋದು ತಗೊಂಡು ಹೋಗೋರು. ದೊಡ್ಡಮ್ಮ ಹುಷಾರಾಗಿದ್ದಾರಾ?" ಅಕ್ಕನನ್ನು ಅವನು ದೊಡ್ಡಮ್ಮ ಅಂತಾನೆ. ನಾನು ಮೇಡಂ.

"ಹುಷಾರು."

ಒಂದು ಬನ್ನು ಕಟ್ಟಿಕೊಟ್ಟ, ಅವಳಿಗೆ ಅಂತ. ದಾರಿಯಲ್ಲಿ ನಾನೇ ತಿಂದೆ. ರುಚಿ ಗೊತ್ತಾಗಲಿಲ್ಲ.

ಮಾರ್ಚ್ 29

ಬಿಲ್ಲೆ 44ರಿಂದ 57. ಬೂದಿ ಹೆಚ್ಚಿಸಿದೆ, ಒಣಕಲು. ಕಮ್ಮಿ ಮಾಡಿದೆ, ಬರೀ ಕಂದು. ಉರಿ ಇಪ್ಪತ್ತು ಡಿಗ್ರಿ ಏರಿಸಿದೆ, ಬಟ್ಟಲೇ ವಾಲಿಕೊಂಡಿತು, ಕುಡಿದವನ ಹಾಗೆ. ನಾಲ್ಕು ಸಲ ತೊಳೆದೆ, ಐದು ಸಲ ತೊಳೆದೆ. ಶುಚಿ ಸಾಲದೇನೋ ಅಂತ. ಬಣ್ಣ ಇನ್ನಷ್ಟು ಸತ್ತಿತು.

ಭಟ್ಟಿಯ ಹಲಗೆ ಎತ್ತಿಡುವಾಗ ಇನ್ನೂ ಬಿಸಿ ಇತ್ತು. ಹಿಡಿದು ಎಷ್ಟೋ ಹೊತ್ತಾದ ಮೇಲೆ ಗೊತ್ತಾಯಿತು. ಅಂಗೈ ಕೆಂಪು. ನೋವು… ಇರಬೇಕಿತ್ತು.

ಏಪ್ರಿಲ್ 9

58ರಿಂದ 63. ಏನೂ ಇಲ್ಲ.

ಅರವತ್ತು ಬಟ್ಟಲು ಹಲಗೆಗಳ ಮೇಲೆ ಬೆತ್ತಲೆ ಕೂತಿವೆ. ಇನ್ನು ಒಂದು ತಿಂಗಳು. ಬಣ್ಣ ಬರದಿದ್ದರೆ ಮೇಡಂಗೆ ಇಲ್ಲ ಅನ್ನಬೇಕು. ಒಮ್ಮೆ ಇಲ್ಲ ಅಂದರೆ ಈ ಊರಲ್ಲಿ ಹಸಿರು ಅನ್ನೋದಕ್ಕೆ ಜನ ಬೇರೆ ಹೆಸರು ಹುಡುಕಿಕೊಳ್ಳುತ್ತಾರೆ. ಅವರ ಜಾಗದಲ್ಲಿದ್ದರೆ ನಾನೂ ಹಾಗೇ ಮಾಡುತ್ತಿದ್ದೆ.

ಕೇಳಬೇಕಾದವಳು ಎರಡು ಬಸ್ಸಿನಾಚೆ ಇದ್ದಾಳೆ. ಫೋನ್ ಮಾಡಬಹುದು. ಫೋನಲ್ಲಿ ನನ್ನ ಬಾಯಿ ಜಾಸ್ತಿ ಓಡುತ್ತೆ, ಬೇಡದ ಕಡೆಗೆ.

ಏಪ್ರಿಲ್ 12, ಸಂಜೆ

ಹೋಗಿ ಬಂದೆ.

ಅಕ್ಕನ ಮಗಳದ್ದು ಟೈಲರಿಂಗ್ ಅಂಗಡಿ, ಹಿಂದೆಯೇ ಮನೆ. ಅಕ್ಕ ಮಿಷನ್ನಿನ ಪಕ್ಕ ಕುರ್ಚಿ ಹಾಕಿಕೊಂಡು ಮಡಿಲ ತುಂಬ ಸ್ಯಾಟಿನ್ ಹರಡಿಕೊಂಡು ಅಂಚು ಹೊಲೀತಿದ್ದಳು. ತಲೆ ಎತ್ತಿದಳು.

"ಬಂದ್ಯಾ. ಕೂತ್ಕೋ. ಕೈ ತೊಳ್ಕೊಂಡು ಕೂತ್ಕೋ, ಬಿಳಿ ಬಟ್ಟೆ ಇದೆ."

ತೊಳೆದು ಕೂತೆ. ಮಗಳು ನೀರು ತಂದಿಟ್ಟಳು. "ಚಿಕ್ಕಮ್ಮ, ಎಷ್ಟು ಇಳಿದುಹೋಗಿದ್ದೀರಿ" ಅಂದಳು. ಒಳಗೆ ಹೋಗಲಿಲ್ಲ, ಕತ್ತರಿ ಹಿಡಿದು ಅಲ್ಲೇ ನಿಂತಳು.

ಬಸ್ಸಿನಲ್ಲಿ ಒಂದು ಭಾಷಣ ತಯಾರು ಮಾಡಿಕೊಂಡಿದ್ದೆ. ಬಾಯಿಂದ ಬಂದದ್ದು ಬೇರೆ. "ಹಸಿರು ಬರ್ತಾ ಇಲ್ಲ, ಅಕ್ಕ."

"ಗೊತ್ತು."

"ಹೇಗೆ ಗೊತ್ತು?"

"ಬಂದಿದ್ರೆ ನೀನು ಬರ್ತಿದ್ಯಾ?"

ಮಗಳು ಕತ್ತರಿಯ ಮರೆಯಲ್ಲಿ ನಕ್ಕಳು. ಬಾಯಿಯ ವಿಷಯದಲ್ಲಿ ನಮ್ಮ ಮನೆತನದಲ್ಲಿ ನಾನೊಬ್ಬಳೇ ಅಂದುಕೊಂಡಿದ್ದೆ.

"ಅಳತೆ ಅದೇ. ಬೂದಿ ಅದೇ. ಮೂರು ಸಲ ತೊಳೀತಿದ್ದೀನಿ."

ಅಕ್ಕ ದಾರ ಹಲ್ಲಿನಲ್ಲಿ ಕಡಿದಳು. "ಅದೇ ಮತ್ತೆ."

"ಏನು ಅದೇ?"

"ನಾನು ಯಾವತ್ತು ಮೂರು ಸಲ ತೊಳೆದೆ? ಒಂದೇ ಸಲ. ಕೈ ಉರೀತಿತ್ತು ಕಣೇ. ಮೂರು ಸಲ ಯಾರಿಗೆ ಆಗುತ್ತೆ? ನೀನು ಒಳಗಿಂದ ಮೂರಾಯ್ತಾ ಅಂತಿದ್ದೆ, ನಾನು ಆಯ್ತು ಅಂತಿದ್ದೆ. ನೀನು ಬರ್ಕೋತಿದ್ದೆ."

"ಹದಿನಾಲ್ಕು ವರ್ಷ?"

"ಬಣ್ಣ ಚೆನ್ನಾಗಿ ಬರ್ತಿತ್ತಲ್ಲ. ಯಾಕೆ ಹೇಳಲಿ?"

ತಲೆಯಲ್ಲಿ ಲೆಕ್ಕ ತಾನೇ ಕೂತುಕೊಂಡಿತು. ಬೂದಿಯ ಕ್ಷಾರವೇ ಗ್ಲೇಜನ್ನು ಕರಗಿಸೋದು. ಆ ಹಳದಿ ನೀರಿನ ಜೊತೆ ಅದನ್ನೇ ಚೆಲ್ಲುತ್ತಿದ್ದೆ, ಮೂರು ಸಲ, ಐದು ಸಲ, ಶುಚಿ ಶುಚಿ ಅಂತ. ನನ್ನ ಹಸಿರು ನನ್ನ ಅಳತೆಯಿಂದ ಬಂದದ್ದಲ್ಲ. ಅವಳ ಕೈ ಉರಿಯಿಂದ ಬಂದದ್ದು. ಅವಳ ಸುಳ್ಳಿನಿಂದ.

"ಈಗ ಯಾರು ತೊಳೀತಾರೆ?" ಅಂತ ಕೇಳಿದಳು.

"ನಾನೇ."

"ಬರಿಗೈಲಾ?"

"ಇಲ್ಲ. ಗ್ಲೌಸ್ ತಂದೆ."

"ಒಳ್ಳೇದಾಯ್ತು" ಅಂದಳು. ಅದರಲ್ಲಿ ಕೊಂಕು ಹುಡುಕಿದೆ. ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಆಗ ಅವಳ ಕೈ ನೋಡಿದೆ. ಮೂರು ತಿಂಗಳಿಗೆ ಒಡಕೆಲ್ಲ ಕೂಡಿ ಹೊಸ ಚರ್ಮ ಬಂದಿದೆ. ನಾನು ನೋಡಿದ್ದನ್ನು ನೋಡಿ, ಸ್ಯಾಟಿನ್ ಮೇಲೆ ಅಂಗೈ ಸವರಿ ತೋರಿಸಿದಳು. "ಮೊದಲು ಬಂದಾಗ ದಾರ ದಾರವಾಗಿ ಸಿಕ್ಕಿಹಾಕ್ಕೊಳ್ತಿತ್ತು. ಇವಳು ಮುಟ್ಟೋಕೇ ಬಿಡ್ತಿರಲಿಲ್ಲ. ಈಗ ನೋಡು, ಜಾರುತ್ತೆ."

"ಅವತ್ತು…" ಅಂದೆ.

"ಕೆಲಸಕ್ಕೆ ಇದ್ದಾರೆ ಅಂದೆ ನೀನು. ಸುಳ್ಳೇನಲ್ಲ. ಆದರೆ ಮೊದಲೇ ಹೇಳಿದ್ರೆ ಭಾನುವಾರ ರಜೆ ಕೇಳ್ತಿದ್ದೆ."

ಮಗಳು ನಗಲಿಲ್ಲ ಈ ಸಲ. ನಾನು ಲೋಟದ ನೀರು ಕುಡಿದು ಮುಗಿಸಿದೆ. ಬಾಯಿದ್ದವರು ಬರಗಾಲದಲ್ಲೂ ಬದುಕ್ತಾರಂತೆ. ಇವತ್ತು ಉಪವಾಸ.

ವಾಪಸ್ ಬಾ ಅಂತ ಕೇಳಲಿಲ್ಲ. ಕೇಳಿದ್ದರೆ ಬರ್ತಿರಲಿಲ್ಲ. ಇದು ಅಂದಾಜು, ಎಣಿಸಿದ್ದಲ್ಲ.

ಬಸ್ಸಿನಲ್ಲಿ ಹೊಳೆಯಿತು. ಹೋದದ್ದು ಎರಡು ಕೆಲಸಕ್ಕೆ, ಮಾಡಿಕೊಂಡು ಬಂದದ್ದು ಒಂದು.

ಏಪ್ರಿಲ್ 13

ಒಂದು ಸಲ ತೊಳೆದೆ. ಎರಡನೇ ಸಲಕ್ಕೆ ಕೈ ತಾನಾಗಿ ನಲ್ಲಿಗೆ ಹೋಯಿತು. ಹಿಡಿದು ನಿಲ್ಲಿಸಿದೆ. ಗ್ಲೌಸ್ ಹಾಕಿಕೊಂಡೇ ತೊಳೆದೆ. ಕೈ ಸುಟ್ಟುಕೊಂಡು ಪಾಪ ಕಳೆಯುವ ಪೈಕಿ ಅಲ್ಲ ನಾನು.

ಏಪ್ರಿಲ್ 16

ಬಿಲ್ಲೆ 64. ಬಂದಿದೆ.

ಅಂಚಿನಿಂದ ಗೆರೆ. ತಳದಲ್ಲಿ ಹಸಿರು. ಕಿಟಕಿಯ ಹತ್ತಿರ ಹಿಡಿದು ನೋಡಿದೆ. ಕುಣಿಯಬೇಕಿತ್ತು. ಡಬ್ಬಕ್ಕೆ ಹಾಕಲಿಲ್ಲ, ಅಷ್ಟೇ. ಸ್ಟೂಲಿನ ಮೇಲೆ ಮಡಿಸಿಟ್ಟ ಏಪ್ರನ್ ಇನ್ನೂ ಹಾಗೇ ಇದೆ. ಅದರ ಮೇಲಿಟ್ಟೆ.

ಏಪ್ರಿಲ್ 30

ಎರಡು ಭಟ್ಟಿ, ಅರವತ್ತು ಬಟ್ಟಲು. ಮೂರು ಒಡೆದವು. ಹೆಚ್ಚಿಗೆ ಮಾಡಿಟ್ಟಿದ್ದೆ, ಲೆಕ್ಕ ಸರಿಹೋಯಿತು.

ಗ್ಯಾಲರಿ ಮೇಡಂ ಬಂದು ನೋಡಿ ಬಾಯಿ ಮೇಲೆ ಕೈ ಇಟ್ಟುಕೊಂಡರು. "ನಿಮ್ಮ ಕೈಯಲ್ಲಿ ಏನೋ ಇದೆ ಕಣ್ರೀ!"

ಹೇಳಬೇಕಿತ್ತು. ಮಾತು ನಾಲಿಗೆ ತುದಿಯವರೆಗೆ ಹರಿದು ಬಂದು ಅಲ್ಲೇ ಹನಿಯಾಗಿ ನಿಂತಿತು. ಗ್ಲೇಜಿನ ಹಾಗೆ. ಅವರು ಹೋದರು. ಕಾರ್ಡು ನನ್ನ ಹೆಸರಿನಲ್ಲೇ ಅಚ್ಚಾಯಿತು. ಒಂದನ್ನು ಅಕ್ಕನ ಮನೆಗೆ ಅಂಚೆಯಲ್ಲಿ ಹಾಕಿದೆ. ಹಿಂದೆ ಏನೋ ಬರೆಯಲು ಹೋಗಿ, ಗ್ಯಾಲರಿಗೆ ಬರುವ ಬಸ್ಸಿನ ನಂಬರು ಬರೆದೆ.

ಮೇ 10

ಜನ ತುಂಬಿದ್ದರು. ಅಕ್ಕ ಬರಲಿಲ್ಲ. ಮಗಳು ಬಂದಿದ್ದಳು, ಒಬ್ಬಳೇ, ಗೋಡೆಗೆ ಒರಗಿ ನಿಂತಿದ್ದಳು.

ಅದೇ ಚಿನ್ನದ ಕನ್ನಡಕದವನು ಬಟ್ಟಲೊಂದನ್ನು ಬೆಳಕಿಗೆ ಹಿಡಿದು, "ಈ ಹಸಿರು ಹೇಗೆ ಹೊಳೀತು ನಿಮಗೆ?" ಅಂದ.

ಇದಕ್ಕೆ ಒಂದು ಕಥೆ ಇದೆ ನನ್ನ ಹತ್ತಿರ. ನೂರು ಸಲ ಹೇಳಿದ್ದೇನೆ. ಪ್ರಯೋಗ, ತಾಳ್ಮೆ, ಮಣ್ಣಿನ ಜೊತೆ ಮಾತುಕತೆ. ಜನ ತಲೆದೂಗುತ್ತಾರೆ. ಬಾಯಿ ತೆರೆದೆ.

"ನನಗೆ ಹೊಳೆದದ್ದಲ್ಲ. ನಮ್ಮ ಅಕ್ಕನದು. ನಾನು ಬೂದಿ ಮೂರು ಸಲ ತೊಳಿ ಅಂದೆ. ಅವಳು ಒಂದೇ ಸಲ ತೊಳೆದು ಮೂರಾಯ್ತು ಅಂದಳು. ಕೈ ಉರೀತಿತ್ತು ಅವಳಿಗೆ. ಹದಿನಾಲ್ಕು ವರ್ಷ ನಾನು ಕೇಳಲಿಲ್ಲ. ಹೋದ ಸಲ ಆ ಕಿಟಕಿ ಹತ್ತಿರ ನಿಂತು ಒರೆಸ್ತಿದ್ದಳಲ್ಲ, ನೀವು ಕೇಳಿದ್ರಿ. ಅವಳೇ. ಕೆಲಸದವಳು ಅಂತ ಸುಳ್ಳು ಹೇಳಿದೆ."

ಸುತ್ತ ನಿಂತವರು ನಕ್ಕರು, ನಿಜ ಹೇಳಿದೆನಲ್ಲ. ಗ್ಯಾಲರಿ ಮೇಡಂ ನಗಲಿಲ್ಲ. ಕನ್ನಡಕದವನೂ ನಗಲಿಲ್ಲ.

"ಎಲ್ಲಿದ್ದಾರೆ ಅವರು?" ಅಂತ ಕಿಟಕಿಯ ಕಡೆ ನೋಡಿದ.

ನಾನೂ ನೋಡಿದೆ. ಬಿಸಿಲು ಬಿದ್ದಿತ್ತು, ಖಾಲಿ ನೆಲದ ಮೇಲೆ.

ಮೇ 13

ಬೆಳಗ್ಗೆ ಅಕ್ಕನ ಮಗಳ ಫೋನು. ಬೂದಿ ತೊಳೀತಿದ್ದೆ, ಒದ್ದೆ ಗ್ಲೌಸಿನಲ್ಲೇ ಎತ್ತಿದೆ.

"ಅಮ್ಮನಿಗೆ ಎಲ್ಲಾ ಹೇಳಿದೆ, ಚಿಕ್ಕಮ್ಮ."

"ಏನಂದಳು?"

"ಎಷ್ಟು ಸಲ ಅಂತ ಹೇಳಿದ್ಲು ಅವಳು, ಮೂರಾ ಒಂದಾ, ಅಂತ ಕೇಳಿದ್ರು. ಒಂದು ಅಂದೆ. ಎಲ್ಲರೆದುರಿಗಾ ಅಂದ್ರು. ಹೂಂ ಅಂದೆ."

"ಮತ್ತೆ?"

"ಮತ್ತೇನಿಲ್ಲ. ದಾರ ಪೋಣಿಸ್ತಾ ಕೂತಿದ್ರು, ಆಗ್ತಿರಲಿಲ್ಲ. ಸೂಜಿ ನನ್ನ ಕೈಗೆ ಕೊಟ್ರು."

ಫೋನ್ ಇಟ್ಟು ಬಕೆಟ್ಟಿಗೆ ಬಂದೆ. ಪುಸ್ತಕ ತೆಗೆದು '3' ಹೊಡೆದು '1' ಮಾಡಬೇಕು ಅಂತ ಗ್ಲೌಸ್ ಎಳೆದರೆ ಒಳಗೆಲ್ಲ ಹಳದಿ ನೀರು. ಹೆಬ್ಬೆರಳ ಹತ್ತಿರ ತೂತು. ಯಾವಾಗ ಆದದ್ದೋ, ಎಷ್ಟು ದಿನದಿಂದಲೋ. ಬಲಗೈ ಪೂರಾ ಸುಲಿದಿದೆ.

ಉರೀತಿದೆ. ಈಗ ಗೊತ್ತಾಗ್ತಿದೆ. ಒಳ್ಳೇ ಉರಿ, ಮೊಣಕೈವರೆಗೂ. ನಲ್ಲಿ ಕೆಳಗೆ ಹಿಡಿದು ಕೂತಿದ್ದೀನಿ. ಅಕ್ಕ ಹೇಗೆ ಇಷ್ಟು ವರ್ಷ… ಎಡಗೈಲಿ ಬರೀತಿದ್ದೀನಿ, ಅಕ್ಷರ ಒದ್ದೆ ಆಗಿ