ಬಾಗಿಲ ಕೆಳಗಿನ ಪಟ್ಟಿ

ಮಾರ್ಚ್ ೯, ಭಾನುವಾರ

ಸಿಟ್ಟು ಇನ್ನೂ ಇಳಿದಿಲ್ಲ. ತಾನು ಕೊಳ್ಳಬೇಕೆಂದಿದ್ದ, ಛಾವಣಿಯಿಲ್ಲದ, ಎರಡೇ ಸೀಟಿನ ಹಳೇ ಕಾರು ಕಂಡು ಅಳಿಯ ಬಾಯಿ ಬಿಟ್ಟುಕೊಂಡು ನಿಂತಿದ್ದ. ನಾನು ಬಾನೆಟ್ ಮುಟ್ಟಿದೆ, ಸುಡುತ್ತಿತ್ತು.

"ನಾವು ಬರೋ ಮೊದಲೇ ಬಿಸಿ ಮಾಡಿಟ್ಟಿದ್ದೀಯಲ್ಲಯ್ಯಾ, ತಣ್ಣಗಿದ್ರೆ ಸ್ಟಾರ್ಟ್ ಆಗಲ್ವಾ?" ಎಂದೆ. ಮಾರುವವನು ಹಲ್ಲು ಕಿರಿದ.

ಛಾವಣಿಯಿಲ್ಲದ ಗಾಡಿಗೆ ಬಾಗಿಲ ಕೆಳಗಿನ ಪಟ್ಟಿಯೇ ಬೆನ್ನುಮೂಳೆ. ಅದು ತುಕ್ಕು ಹಿಡಿದರೆ ಗಾಡಿ ನಡುವಿನಲ್ಲೇ ಬಗ್ಗುತ್ತದೆ. ಅಲ್ಲಿ ಅಯಸ್ಕಾಂತ ಇಟ್ಟೆ, ಹಿಡಿಯಲೇ ಇಲ್ಲ. ಬಣ್ಣದಡಿ ಕಬ್ಬಿಣವೇ ಇಲ್ಲ, ಬರೀ ಪುಟ್ಟಿ ಮೆತ್ತಿದ್ದರು. ಒಳಗಿನ ಮ್ಯಾಟ್ ಎತ್ತಿದರೆ ತುಕ್ಕಿನ ಮೇಲೆಯೇ ಎಣ್ಣೆ ಡಬ್ಬದ ತಗಡು ಇಟ್ಟು ವೆಲ್ಡಿಂಗ್ ಮಾಡಿದ್ದರು.

"ಯಾವ ಅಯೋಗ್ಯನ ಕೆಲಸ ಇದು?" ಎಂದು ಕೂಗಾಡಿದೆ. ಆಮೇಲೆ ಕೊಳೆ ಒರೆಸಿ ನೋಡಿದೆ. ವೆಲ್ಡಿಂಗ್ ಗೆರೆಯ ಕೊನೆಯಲ್ಲಿ ಎಡಕ್ಕೊಂದು ಕೊಕ್ಕೆ. ಹಾಗೆ ಎಳೆದು ನಿಲ್ಲಿಸುವವನು ನಾನೊಬ್ಬನೇ. ಗ್ಯಾರೇಜು ಹಾಕಿದ ಹೊಸತರಲ್ಲಿ ಅವಸರಕ್ಕೆ ಮಾಡಿಕೊಟ್ಟ ಕೆಲಸ.

"ಬೇಡ ಕಣಪ್ಪಾ, ನನ್ನ ಮಗಳು ಕೂರೋ ಗಾಡಿ ಇದು" ಎಂದೆ.

"ಇರ್ಲಿ ಬಿಡಿ ಮಾವ, ಆ ಕಳ್ಳ ಕೆಡಿಸಿದ್ದನ್ನ ನೀವು ಸರಿಮಾಡ್ತೀರಿ. ನಿಮ್ಮ ಕೈಮೇಲೆ ಪೂರ್ತಿ ನಂಬಿಕೆ ಇದೆ ನಂಗೆ."

ನಂಬಿಕೆಯಂತೆ! ಆಗಲೇ ಹೇಳಿಬಿಡಬೇಕಿತ್ತು. ಇಷ್ಟುದ್ದ ನಾಲಿಗೆ ಇಟ್ಟುಕೊಂಡವನು, ಮ್ಯಾಟ್ ಎಳೆದು ಮುಚ್ಚಿ ಎದ್ದು ಬಂದೆ.